ಒಂದು ಕಬ್ಬಿಣದ ಗುಂಡು, ಇಡೀ ಮೈಗೆ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಕೆಟಲ್‌ಬೆಲ್ ಬಗ್ಗೆ ಮಾತಾಡೋಣ. ಜಿಮ್‌ಗೆ ಹೋಗೋರು ಇದನ್ನ ನೋಡೇ ಇರ್ತೀರಾ, ಕಬ್ಬಿಣದ ಗುಂಡು, ಅದರ ಮೇಲೊಂದು ದಪ್ಪ ಹಿಡಿ, ಅಷ್ಟೇ. ರಷ್ಯಾದಲ್ಲಿ ಹಿಂದೆ ಕಾಳು ತೂಗೋಕೆ ಇಟ್ಕೊಂಡಿದ್ದ ತೂಕದ ಬಟ್ಟು ಇದು, ಜನ ಅದನ್ನೇ ಎತ್ತಿ ಬೀಸಿ ಶಕ್ತಿ ತೋರಿಸೋಕೆ ಶುರು ಮಾಡಿದ್ರು, ಆಮೇಲೆ ಅದೇ ಒಂದು ಕ್ರೀಡೆ ಆಯ್ತು. ಅಲ್ಲಿನ ಹಳೇ ಅಳತೆ ಪೂಡ್, ಒಂದು ಪೂಡ್ ಅಂದ್ರೆ 16 ಕೆಜಿ ಚಿಲ್ಲರೆ, 16, 24, 32 ಅನ್ನೋ ತೂಕಗಳು ಬಂದಿದ್ದು ಅಲ್ಲಿಂದಾನೇ.

ಡಂಬೆಲ್ ಇರೋವಾಗ ಇದ್ಯಾಕೆ ಅಂತ ಕೇಳಬಹುದು. ಡಂಬೆಲ್ ಹಿಡಿದ್ರೆ ಭಾರ ಕೈಯ ಎರಡೂ ಕಡೆ ಸಮ ಇರತ್ತೆ, ಕೆಟಲ್‌ಬೆಲ್‌ನಲ್ಲಿ ಹಾಗಲ್ಲ, ಭಾರ ಪೂರ್ತಿ ಹಿಡಿಯಿಂದ ಆಚೆ ಇರತ್ತೆ, ಹಾಗಾಗಿ ಬೀಸೋಕೆ ಸಲೀಸು, ಆದ್ರೆ ಪ್ರತಿ ಸಲಾನೂ ಅದು ನಮ್ಮನ್ನ ಎಳೀತಾನೇ ಇರತ್ತೆ, ಆ ಎಳೆತ ತಡ್ಕೊಳ್ಳೋಕೆ ಮುಂಗೈ, ಭುಜ, ಹೊಟ್ಟೆ, ಬೆನ್ನು ಎಲ್ಲಾ ಒಟ್ಟಿಗೆ ಬಿಗಿಯಾಗ್ಬೇಕು. ಬೈಸೆಪ್ಸ್ ಒಂದನ್ನೇ ಉಬ್ಬಿಸ್ಬೇಕು ಅನ್ನೋರಿಗೆ ಇದು ಅಷ್ಟು ಇಷ್ಟ ಆಗಲ್ಲ ಬಿಡಿ.

ಇದರ ಮುಖ್ಯ ವ್ಯಾಯಾಮ ಸ್ವಿಂಗ್, ಅಂದ್ರೆ ಗುಂಡನ್ನ ಎರಡು ಕಾಲಿನ ನಡುವಿಂದ ಮುಂದಕ್ಕೆ ಬೀಸೋದು. ತುಂಬಾ ಜನ ತಪ್ಪು ಮಾಡೋದೂ ಇಲ್ಲೇ. ಕೈಯಿಂದ ಎತ್ತೋಕೆ ಹೋಗ್ತಾರೆ, ಇಲ್ಲಾಂದ್ರೆ ಬಸ್ಕಿ ಹೊಡೆದಂಗೆ ಕೆಳಗೆ ಕೂತು ಏಳ್ತಾರೆ, ಎರಡೂ ಅಲ್ಲ. ಎರಡು ಕೈಲೂ ಸಾಮಾನು ಇದ್ದಾಗ ಕಾರಿನ ಬಾಗಿಲನ್ನ ಹಿಂಭಾಗದಿಂದ ದೂಡಿ ಮುಚ್ತೀವಲ್ಲ, ಹಾಗೆ ಸೊಂಟ ಹಿಂದಕ್ಕೆ ಹೋಗ್ಬೇಕು, ಮಂಡಿ ಸ್ವಲ್ಪ ಮಾತ್ರ ಮಡಚಬೇಕು, ಬೆನ್ನು ನೇರ, ಆಮೇಲೆ ಪೃಷ್ಠದ ಸ್ನಾಯು ಬಿಗಿ ಮಾಡಿ ಫಟ್ ಅಂತ ನೆಟ್ಟಗೆ ನಿಂತ್ರೆ ಗುಂಡು ತಾನೇ ಎದೆ ಮಟ್ಟಕ್ಕೆ ತೇಲಿ ಬರತ್ತೆ. ಕೈ ಬರೀ ಹಗ್ಗ ಇದ್ದಂಗೆ. ದಿನವಿಡೀ ಕುರ್ಚಿಲಿ ಕೂರೋರಿಗೆ ಹೆಚ್ಚು ಸೋಮಾರಿ ಆಗೋದು ಇದೇ ಸೊಂಟದ ಹಿಂದಿನ ಸ್ನಾಯುಗಳು, ತೊಡೆ ಹಿಂಭಾಗ, ಬೆನ್ನಿನ ಕೆಳಭಾಗ, ಅವಕ್ಕೆಲ್ಲ ಇದರಲ್ಲಿ ನೇರವಾಗಿ ಕೆಲಸ. ಅರ್ಧ ನಿಮಿಷ ಮಾಡಿ ನೋಡಿ, ಏದುಸಿರು ಬಂದುಬಿಡತ್ತೆ. ಓಡದೇನೇ ಎದೆಬಡಿತ ಏರೋದು, ಅದೇ ಹೊತ್ತಲ್ಲಿ ಸ್ನಾಯುಗಳಿಗೂ ದುಡಿಮೆ, ಟೈಮ್ ಇಲ್ಲ ಅನ್ನೋರಿಗೆ ಇದಕ್ಕಿಂತ ಇನ್ನೇನು ಬೇಕು?

ಡೆನ್ಮಾರ್ಕ್‌ನಲ್ಲಿ ಇದರ ಮೇಲೆ ಒಂದು ಅಧ್ಯಯನ ಆಗಿದೆ, 2011ರಲ್ಲಿ ಪ್ರಕಟ ಆಯ್ತು. ಕುತ್ತಿಗೆ, ಭುಜ, ಬೆನ್ನಿನ ನೋವು ಸಾಮಾನ್ಯವಾಗಿರೋ ಕೆಲಸ ಮಾಡೋ 40 ಜನರಲ್ಲಿ ಒಂದು ಗುಂಪಿಗೆ 8 ವಾರ, ವಾರಕ್ಕೆ ಮೂರು ಸಲ, ಸುಮಾರು 20 ನಿಮಿಷ ಕೆಟಲ್‌ಬೆಲ್ ಮಾಡಿಸಿದ್ರು. ಅವರ ನೋವು ಕಮ್ಮಿ ಆಯ್ತು, ಬೆನ್ನಿನ ಸ್ನಾಯು ಗಟ್ಟಿ ಆಯ್ತು. ಆದ್ರೆ ಉಸಿರಿನ ತಾಕತ್ತು, ಅಂದ್ರೆ ಏರೋಬಿಕ್ ಫಿಟ್‌ನೆಸ್, ಅದರಲ್ಲಿ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಹಾಗಾಗಿ ಇದೊಂದಿದ್ರೆ ಸಾಕು, ವಾಕಿಂಗ್ ಬೇಡ, ಈಜು ಬೇಡ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ಒಪ್ಪಲ್ಲ.

ಎಷ್ಟು ತೂಕ? ಹೊಸಬರಾದ್ರೆ ಹೆಂಗಸರು ಸಾಮಾನ್ಯವಾಗಿ 8 ಕೆಜಿಯಿಂದ, ಗಂಡಸರು 12ರಿಂದ ಶುರು ಮಾಡಬಹುದು, ಇನ್ನೂ ಹಗುರ ತಗೊಂಡ್ರೂ ಮರ್ಯಾದೆ ಏನೂ ಹೋಗಲ್ಲ. ಮೊದಲು ಗುಂಡೇ ಇಲ್ಲದೆ ಸೊಂಟ ಹಿಂದಕ್ಕೆ ತಳ್ಳೋದು ಕಲೀರಿ, ಆಮೇಲೆ ನೆಲದಿಂದ ಎತ್ತಿ ಇಡೋದು, ಆಮೇಲೆ ಸ್ವಿಂಗ್. ಗೊತ್ತಿರೋರ ಹತ್ರ ಒಂದೆರಡು ಸಲ ತೋರಿಸ್ಕೊಳ್ಳಿ, ನಾವು ಬೆನ್ನು ಬಾಗಿಸ್ತಿದೀವಾ ಅನ್ನೋದು ನಮಗೇ ಗೊತ್ತಾಗಲ್ಲ. ಬಿಪಿ, ಹೃದಯದ ತೊಂದರೆ, ಡಿಸ್ಕ್ ಸಮಸ್ಯೆ ಇರೋರು, ಬಸುರಿ ಹೆಂಗಸರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಉಸಿರು ಬಿಗಿ ಹಿಡಿದು ನಿಲ್ಲೋದೂ ಬೇಡ, ಗುಂಡು ಮೇಲೆ ಬರೋವಾಗ ಉಸಿರು ಹೊರಗೆ ಬಿಡಿ.

ಇನ್ನೊಂದು, ಸೆಟ್, ಅಂದ್ರೆ ಒಂದು ಸುತ್ತು, ಮುಗೀತಲ್ಲ ಅಂತ ಕೊನೇಲಿ ಬೆನ್ನು ಸಡಿಲ ಬಿಟ್ಟು ಗುಂಡನ್ನ ಧಡ್ ಅಂತ ಇಡೋರಿದ್ದಾರೆ, ಸುಸ್ತಾಗಿರೋ ಬೆನ್ನು ಹಿಡ್ಕೊಳ್ಳೋದು ಆ ಗಳಿಗೇಲೇ, ಎತ್ತೋವಾಗ ಎಷ್ಟು ಹುಷಾರಾಗಿದ್ರೋ ಇಡೋವಾಗಲೂ ಅಷ್ಟೇ ಹುಷಾರಾಗಿ ಸೊಂಟ ಹಿಂದೆ ತಗೊಂಡೇ ಇಡಿ.