ಐಹೊಳೆ, ಪಟ್ಟದಕಲ್ಲಿಗೆ ಬಂದವರು ರಾತ್ರಿ ಉಳಿಯಿರಿ

ಕೇಳುಗರಿಗೆ ನಮಸ್ಕಾರ. ಬಾಗಲಕೋಟೆ ಜಿಲ್ಲೆಗೆ ಪ್ರವಾಸ ಬರುವವರಿಗೆ ನಾನು ಇವತ್ತು ಹೇಳುವುದು ಒಂದೇ ಮಾತು. ರಾತ್ರಿ ಉಳಿಯಿರಿ. ಅದೂ ಹಳ್ಳಿಯಲ್ಲಿ, ಬಂದವರಿಗೆ ಕೋಣೆ ಕೊಟ್ಟು ಊಟ ಹಾಕುವ ಮನೆಯಲ್ಲಿ.

ಬಹಳ ಜನ ಏನು ಮಾಡುತ್ತಾರೆ ಗೊತ್ತಾ? ಬೆಳಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಕತ್ತಲಾಗುವಷ್ಟರಲ್ಲಿ ಕಾರು ಹೊರಟಿರಬೇಕು. ಚಾಲುಕ್ಯರು ಸುಮಾರು 200 ವರ್ಷ ಕಟ್ಟಿದ್ದನ್ನು ಒಂದು ದಿನದಲ್ಲಿ ಮುಗಿಸಿದರೆ ಏನು ನೋಡಿದ ಹಾಗಾಯಿತು ಹೇಳಿ!

ನಮ್ಮ ಭಾವ ಹೀಗೇ ಅವಸರದಲ್ಲಿ ಬಂದಿದ್ದರು. ಹಟ ಹಿಡಿದು ಐಹೊಳೆ ಹತ್ತಿರ ಒಂದು ಮಣ್ಣಿನ ಮಾಳಿಗೆಯ ಮನೆಯಲ್ಲಿ ಉಳಿಸಿದೆ. ರಾತ್ರಿ ಪಡಸಾಲೆಯಲ್ಲಿ ಊಟ. ಒಳಗೆ ರೊಟ್ಟಿ ಬಡಿಯುವ ಸದ್ದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಉಣ್ಣುತ್ತ ಭಾವ ತಲೆ ಎತ್ತಿ ಮಾಳಿಗೆ ನೋಡಿದರು. ತೊಲೆ, ಜಂತಿ, ಅದರ ಮೇಲೆ ಹಲಗೆ. ಎರಡು ಹಲಗೆ ಕೂಡುವ ಕಡೆಯೆಲ್ಲ ಉದ್ದಕ್ಕೂ ಒಂದು ಕಟ್ಟಿಗೆ ಪಟ್ಟಿ. "ಇದ್ಯಾಕೆ ಅಜ್ಜಾ?" ಅಂದರು. ಮನೆಯ ಅಜ್ಜ ಹೇಳಿದರು: "ಸಂದಿ ಮುಚ್ಚಲಿಲ್ಲಂದ್ರ ಮ್ಯಾಲಿನ ಮಣ್ಣು ನಿಮ್ಮ ಗಂಗಾಳಕ್ಕ ಉದರ್ತೈತ್ರಿ."

ಮರುದಿನ ಬೆಳಗ್ಗೆ ಐಹೊಳೆಯ ಲಾಡಖಾನ್ ಗುಡಿಗೆ ಹೋದೆವು. ಹೊರಗೆ ನಿಂತು ನೋಡಿದರೆ ಇಳಿಜಾರು ಚಾವಣಿಗೆ ದೊಡ್ಡ ದೊಡ್ಡ ಕಲ್ಲಿನ ಚಪ್ಪಡಿ. ಚಪ್ಪಡಿಗಳ ಸಂದಿಯ ಮೇಲೆ, ಮಳೆನೀರು ಇಳಿಯದಂತೆ, ಸಪೂರ ಕಲ್ಲಿನ ಪಟ್ಟಿ. ನಾನು ಬಾಯಿ ಬಿಡುವ ಮೊದಲೇ ಭಾವ ಕೂಗಿದರು, "ಇದು ಅಜ್ಜನ ಮಾಳಿಗೆ ಕಣ್ರೀ!" ಹೌದು, ಅದೇ ಯುಕ್ತಿ. ಕಟ್ಟಿಗೆಯಲ್ಲಿ ಮನೆ ಕಟ್ಟುತ್ತಿದ್ದ ಕೈ ಕಲ್ಲಿನಲ್ಲಿ ಗುಡಿ ಕಟ್ಟಲು ಕಲಿತದ್ದು ಹೀಗೆ. ಇದು ಬೋರ್ಡು ಓದಿದರೆ ತಲೆಗೆ ಹತ್ತುವುದಿಲ್ಲ. ಆ ಮಾಳಿಗೆಯ ಕೆಳಗೆ ಒಂದು ರಾತ್ರಿ ಮಲಗಬೇಕು.

ಆಮೇಲೆ ಭಾವ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಮೇಗುತಿ ಗುಡ್ಡ ಹತ್ತಿ, 634ರಲ್ಲಿ ಕವಿ ರವಿಕೀರ್ತಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆದ ಶಾಸನದ ಮುಂದೆ ಬಹಳ ಹೊತ್ತು ನಿಂತರು.

ನನ್ನ ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಪಟ್ಟದಕಲ್ಲಿಗೆ ಬೆಳಗ್ಗೆಯೇ ಹೋಗಿ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕಿದೆ. ಎಳೆಬಿಸಿಲಿಗೆ ಕಂಬದ ಕೆತ್ತನೆ ಎದ್ದು ಕಾಣುತ್ತದೆ. ಬಾದಾಮಿಯ ಭೂತನಾಥ ಗುಡಿಗೆ ಸಂಜೆ ಹೋಗಿ, ಕೆಂಪು ಬಂಡೆ ಆಗ ಇನ್ನೂ ಕೆಂಪಾಗುತ್ತದೆ. ಬೆಳಗ್ಗೆ ಅಲ್ಲಿ, ಸಂಜೆ ಇಲ್ಲಿ ಅಂದರೆ ರಾತ್ರಿ ಉಳಿಯಲೇಬೇಕು ಅಲ್ವಾ? ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕಲ್ಲು ಕಾದು ಕಾಲಿಡಲಾಗುವುದಿಲ್ಲ. ಊಟಕ್ಕೆ ಎಷ್ಟು ಜನ ಅಂತ ಮನೆಯವರಿಗೆ ಮೊದಲೇ ತಿಳಿಸಿ. ಜನವರಿಯ ಸುಮಾರಿಗೆ ಬರುವ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ, ಆಗ ಕೋಣೆ ಸಿಗುವುದು ಕಷ್ಟ. ಇವತ್ತೇ ಫೋನ್ ಮಾಡಿ, ಎರಡು ರಾತ್ರಿಗೆ ಕೇಳಿ. ನಮಸ್ಕಾರ.