ಹೆಣ್ಣು ನವಿಲು ಏನನ್ನು ಆರಿಸುತ್ತದೆ?

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಪಾರೆಗುಡ್ಡಗಳಲ್ಲಿ ಮಾತ್ರವಲ್ಲ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳ ಬದಿಯಲ್ಲೂ ಈಗ ನವಿಲು ಅಪರೂಪವಲ್ಲ. ತರಕಾರಿ ಸಾಲಿಗೆ ನುಗ್ಗುವ ಈ ಹಕ್ಕಿಯ ಮೇಲೆ ಕೃಷಿಕರಿಗೆ ಸಿಟ್ಟಿರುವುದು ಸಹಜ. ಆದರೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನವಿಲಿನ ವಿಷಯದಲ್ಲಿ ಕುತೂಹಲದ ಸಂಗತಿಯೊಂದನ್ನು ಹೇಳಿತು. ಉದ್ದ ಗರಿಯ ಗಂಡುಗಳಲ್ಲಿ ರೋಗನಿರೋಧಕ ಜೀನುಗಳ ವೈವಿಧ್ಯವೂ ಹೆಚ್ಚಾಗಿತ್ತು. ಆದರೆ ಹೆಣ್ಣು ಹೆಚ್ಚು ಮೊಟ್ಟೆಗಳನ್ನು, ಅದೂ ದೊಡ್ಡ ಮೊಟ್ಟೆಗಳನ್ನು ಇಟ್ಟದ್ದು ಆ ವೈವಿಧ್ಯವನ್ನು ಅನುಸರಿಸಿಯೇ ಹೊರತು ಗರಿಯ ಉದ್ದವನ್ನಲ್ಲ.

ಎಂ.ಎಚ್.ಸಿ. ಎಂದು ಕರೆಯುವ ಈ ಜೀನುಗಳು ತಯಾರಿಸುವ ಅಣುಗಳು, ಜೀವಕೋಶದ ಒಳಗಿನ ಪ್ರೋಟೀನುಗಳ ಚೂರುಗಳನ್ನು, ಅಂಗಡಿಯವನು ಮಾಲಿನ ಮಾದರಿಯನ್ನು ಮುಂದೆ ತೂಗುಹಾಕುವ ಹಾಗೆ, ಹೊರಮೈಯಲ್ಲಿ ಹಿಡಿದು ತೋರಿಸುತ್ತವೆ. ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ ಕೋಶಗಳು ಆ ಚೂರುಗಳನ್ನು ಪರೀಕ್ಷಿಸಿ, ರೋಗಾಣುವಿನ ಚೂರು ಕಂಡರೆ ದಾಳಿ ಮಾಡುತ್ತವೆ. ಒಂದೊಂದು ಬಗೆಯ ಅಣು ಕೆಲವೇ ಚೂರುಗಳನ್ನು ಹಿಡಿಯಬಲ್ಲದಾದ್ದರಿಂದ, ತಂದೆತಾಯಿಯರಿಂದ ಬೇರೆ ಬೇರೆ ಬಗೆಗಳನ್ನು ಪಡೆದ ಮರಿಗೆ ಹೆಚ್ಚು ರೋಗಗಳನ್ನು ಎದುರಿಸುವ ಶಕ್ತಿ ಬರುತ್ತದೆ.

ಹಾಗಾದರೆ ಈ ಜೀನುಗಳು ಸಂಗಾತಿಗೆ ತಿಳಿಯುವುದು ಹೇಗೆ? ಬಹುಮಟ್ಟಿಗೆ ವಾಸನೆಯಿಂದ. ಈ ಜೀನುಗಳಲ್ಲಿ ಮಾತ್ರ ಭಿನ್ನವಾಗಿದ್ದ ಹೆಣ್ಣುಗಳ ನಡುವೆ ಗಂಡು ಇಲಿಗಳು ಸಾಮಾನ್ಯವಾಗಿ ತಮಗಿಂತ ಬೇರೆಯಾದುದನ್ನು ಆರಿಸುತ್ತವೆಂದು 1976ರಲ್ಲೇ ಅಮೆರಿಕದ ಪ್ರಯೋಗಾಲಯವೊಂದರಿಂದ ವರದಿಯಾಗಿತ್ತು. ಮರಿಗಳನ್ನು ಬೇರೆ ಜೀನಿನ ತಾಯಿಯ ಬಳಿ ಬೆಳೆಸಿದಾಗ ಆ ಆಯ್ಕೆಯೇ ತಿರುಗುಮುರುಗಾಯಿತು. ಎಂದರೆ ದೂರವಿಡಬೇಕಾದ ವಾಸನೆ ಯಾವುದೆಂಬುದನ್ನು ಇಲಿ ಗೂಡಿನಲ್ಲಿಯೇ ಕಲಿಯುತ್ತದೆ.

ಭಿನ್ನತೆ ಹೆಚ್ಚಿದಷ್ಟೂ ಒಳ್ಳೆಯದೆಂದು ತೀರ್ಮಾನಿಸುವುದಕ್ಕೆ ಅಡ್ಡಿಯಾದದ್ದು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನು. ಜರ್ಮನಿಯ ವಿಜ್ಞಾನಿ ಮಾನ್‌ಫ್ರೆಡ್ ಮಿಲಿನ್‌ಸ್ಕಿ ಮತ್ತು ಸಂಗಡಿಗರು ಕಂಡಂತೆ, ಅದರ ಹೆಣ್ಣು ಗಂಡಿನ ವಾಸನೆಯಿರುವ ನೀರಿನಿಂದಲೇ ಅಂದಾಜು ಮಾಡಿ, ತನ್ನ ಮರಿಗಳಿಗೆ ತೀರಾ ಕಡಿಮೆಯೂ ಅಲ್ಲದ, ಅತಿಯೂ ಅಲ್ಲದ ವೈವಿಧ್ಯ ದೊರೆಯುವಂತೆ ಸಂಗಾತಿಯನ್ನು ಆರಿಸುತ್ತದೆ. ಅತಿಯಾದರೆ ತೊಂದರೆ ಏಕೆಂದರೆ, ಸ್ವಂತ ಶರೀರದ ಮೇಲೆಯೇ ಎರಗಬಹುದಾದ ಟಿ ಕೋಶಗಳನ್ನು ದೇಹ ಮೊದಲೇ ನಾಶಪಡಿಸುತ್ತದೆ. ಎಂ.ಎಚ್.ಸಿ. ಅಣುಗಳ ಬಗೆಗಳು ಹೆಚ್ಚಿದಷ್ಟೂ ಹೀಗೆ ನಾಶವಾಗುವ ಕೋಶಗಳೂ ಹೆಚ್ಚಿ, ಕಾವಲಿಗೆ ಉಳಿಯುವವು ಕಡಿಮೆಯಾಗಬಹುದು. ಇನ್ನೂ ಸೋಜಿಗವೆಂದರೆ, ಈ ಅಣುಗಳು ಹಿಡಿಯುವಂತಹ ಚೂರುಗಳನ್ನು ಕೃತಕವಾಗಿ ತಯಾರಿಸಿ ನೀರಿಗೆ ಬೆರೆಸಿದಾಗಲೂ ಹೆಣ್ಣಿನ ಒಲವು ಬದಲಾಯಿತು.

ಒಂದೇ ಗೋತ್ರದಲ್ಲಿ, ಒಂದೇ ಬರಿಯಲ್ಲಿ, ಎಂದರೆ ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಎಣಿಸುವ ಕುಲದಲ್ಲಿ, ಮದುವೆ ಸಲ್ಲದೆಂಬ ನಮ್ಮ ಕಟ್ಟಳೆಗೆ ಭಿನ್ನ ಜೀನಿನ ಸಂಗಾತಿಯನ್ನು ಆರಿಸುವ ಈ ಒಲವೇ ಆಧಾರವೆಂದು ಹೇಳುವವರುಂಟು. ಅದು ಅವಸರದ ಮಾತು. ಗೋತ್ರವನ್ನು ತಂದೆಯಿಂದ, ಬರಿಯನ್ನು ತಾಯಿಯಿಂದ ಎಣಿಸುತ್ತೇವೆ. ಈ ಜೀನುಗಳಾದರೋ ಇಬ್ಬರಿಂದಲೂ ಸಮನಾಗಿ ಬರುತ್ತವೆ.

ಪ್ರಯೋಗಾಲಯದ ಹೊರಗೆ ಎಲ್ಲೆಡೆಯೂ ಇದೇ ಫಲಿತಾಂಶ ಸಿಕ್ಕಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಗಳ ಸೋಯ್ ಕುರಿಗಳಲ್ಲಿ ಇಂತಹ ಆಯ್ಕೆಗೆ ಪುರಾವೆ ದೊರೆಯಲಿಲ್ಲವೆಂದು 1997ರಲ್ಲಿ ವರದಿಯಾಯಿತು. ಟಗರುಗಳು ಕಾದಾಡಿ ಹೆಣ್ಣನ್ನು ವಶಪಡಿಸಿಕೊಳ್ಳುವ ಕಡೆ ಹೆಣ್ಣಿನ ಇಷ್ಟಕ್ಕೆ ಎಡೆ ಕಡಿಮೆ ಎಂದು ನನಗೆ ತೋರುತ್ತದೆ. ಜೋಡಿಯಾಗಿ ಬಾಳುವ ಸೀಶೆಲ್ಸ್ ದ್ವೀಪಗಳ ವಾರ್ಬ್ಲರ್ ಹಕ್ಕಿಯ ಕಥೆ ಬೇರೆ: ಹೆಣ್ಣಿನ ಜೋಡಿಯಾದ ಗಂಡಿನಲ್ಲಿ ಈ ಜೀನುಗಳ ವೈವಿಧ್ಯ ಕಡಿಮೆಯಿದ್ದಾಗ, ಗೂಡಿನ ಮರಿಗೆ ಹೊರಗಿನ ಗಂಡು ತಂದೆಯಾಗುವ ಸಂಭವ ಹೆಚ್ಚು, ಮತ್ತು ಆ ಹೊರಗಿನ ಗಂಡಿನಲ್ಲಿ ವೈವಿಧ್ಯವೂ ಹೆಚ್ಚು.

ನಮಸ್ಕಾರ.