ಒಂದು ಲೀಟರ್ ಡೀಸೆಲ್, ಒಂದು ಲೀಟರ್ ಕುಸುಬೆ ಎಣ್ಣೆ

[ದೃಶ್ಯ: ವಿಜಯಪುರ ಜಿಲ್ಲೆಯ ಒಂದು ಎರೆಹೊಲ. ಚಳಿಗಾಲದ ಬೆಳಗು. ಬದುವಿನ ಕಲ್ಲಿನ ಮೇಲೆ ಒಂದು ಡೀಸೆಲ್ ಕ್ಯಾನು, ಪಕ್ಕದಲ್ಲಿ ಎಣ್ಣೆ ತುಂಬಿದ ಗಾಜಿನ ಬಾಟಲಿ. ನಿರೂಪಕ ಕ್ಯಾಮೆರಾದ ಎದುರು.]

ಎಲ್ಲರಿಗೂ ನಮಸ್ಕಾರ. ಈ ಕಲ್ಲಿನ ಮೇಲೆ ಎರಡು ಬಗೆಯ ಎಣ್ಣೆ ಇದೆ, ಎರಡೂ ಒಂದೊಂದು ಲೀಟರ್. ಕ್ಯಾನಿನಲ್ಲಿರುವುದು ಡೀಸೆಲ್. ಬಾಟಲಿಯಲ್ಲಿರುವುದು ಕುಸುಬೆ ಎಣ್ಣೆ, ನಿನ್ನೆ ಸಂಜೆ ಗಾಣದಿಂದ ತಂದದ್ದು. ಮೊದಲನೆಯದು ದುಬಾರಿಯಾದಾಗ ಎರಡನೆಯದು ನಮ್ಮ ಊರಿನಲ್ಲಿ ಉಳಿದಿರುತ್ತದೆಯೇ? ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಇದು.

ಡೀಸೆಲ್‌ನಿಂದ ಶುರು ಮಾಡೋಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯುನಿಟ್ ಶಕ್ತಿ ಅಡಗಿದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯುನಿಟ್. ಟ್ರ್ಯಾಕ್ಟರಿನ ಎಂಜಿನ್ ಅದರಲ್ಲಿ ಮೂರು ಯುನಿಟ್‌ನಷ್ಟನ್ನು ಕೆಲಸಕ್ಕೆ ತರುತ್ತದೆ, ಉಳಿದದ್ದು ಬಿಸಿಯಾಗಿ ಹೊಗೆಯ ಜೊತೆ ಹೋಗುತ್ತದೆ. ಗಟ್ಟಿಮುಟ್ಟಾದ ಒಬ್ಬ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಮೈಮುರಿದು ದುಡಿದರೆ ಹೊರಡುವ ಶಕ್ತಿ ಅರ್ಧ ಯುನಿಟ್‌ಗಿಂತ ತುಸು ಹೆಚ್ಚು. ಅಂದರೆ ಈ ಕ್ಯಾನಿನೊಳಗೆ ಐದು ಆಳುಗಳ ಒಂದು ದಿನದ ದುಡಿಮೆ ಕುಳಿತಿದೆ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಐದು ಆಳಿಗೆ 1,850 ರೂಪಾಯಿ ಆಯಿತು. ಡೀಸೆಲ್‌ಗೆ ನಾವು ಕೊಡುವುದು ನೂರು ರೂಪಾಯಿ ಆಸುಪಾಸು.

ಕಳೆದ ಐವತ್ತು ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಆದ ಬದಲಾವಣೆಯಲ್ಲಿ ದೊಡ್ಡ ಪಾಲು ಈ ಒಂದು ಲೆಕ್ಕದಿಂದ ಆದದ್ದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಚಕ್ಕಡಿ ಮೂಲೆ ಸೇರಿತು. ಓಣಿಯಲ್ಲಿದ್ದ ಗಾಣ ನಿಂತು, ಸಾವಿರಾರು ಮೈಲಿ ಆಚೆಯ ಪಾಮ್ ಎಣ್ಣೆ ಪೊಟ್ಟಣದಲ್ಲಿ ಬಂತು. ಅಷ್ಟು ದೂರದ ಸಾಗಣೆ ಅಗ್ಗವಾಗಿತ್ತು, ಆದ್ದರಿಂದ ಬಂತು.

[ದೃಶ್ಯ: ಹಳೆಯ ತೆರೆದ ಬಾವಿ, ಒಳಗೆ ಮುಳ್ಳುಕಂಟಿ. ಅದರ ಪಕ್ಕದಲ್ಲಿ ಬೋರ್‌ವೆಲ್ ಪೈಪು.]

ತೈಲ ಮುಗಿಯುತ್ತದೆ ಎಂದರೆ ಒಂದು ದಿನ ಪಂಪಿನ ಮುಂದೆ ‘ಖಾಲಿ’ ಎಂಬ ಫಲಕ ಬೀಳುತ್ತದೆ ಎಂದಲ್ಲ. ಅಗ್ಗದ ತೈಲ ಮುಗಿಯುತ್ತದೆ. ನಮ್ಮ ಭಾಗದವರಿಗೆ ಇದು ಅರ್ಥವಾಗಲು ಈ ಬಾವಿ ಸಾಕು. ಮುತ್ಯಾನ ಕಾಲದಲ್ಲಿ ಇಲ್ಲಿ ಮೂವತ್ತು ಅಡಿಗೆ ನೀರಿತ್ತು, ಜೋಡಿ ಎತ್ತು ಹೂಡಿ ಎತ್ತುತ್ತಿದ್ದರು. ಈಗ ಅದೇ ಹೊಲದಲ್ಲಿ ಆರುನೂರು ಅಡಿ ಕೊರೆಯಬೇಕು. ನೆಲದೊಳಗೆ ನೀರು ಇಂದಿಗೂ ಇದೆ. ಆದರೆ ಅದನ್ನು ಮೇಲೆ ತರಲು ಸುರಿಯಬೇಕಾದ ಹಣ, ಕರೆಂಟು, ಚಿಂತೆ ಎಲ್ಲವೂ ಹೆಚ್ಚಿವೆ.

ತೈಲದ ಕಥೆಯೂ ಹೀಗೆಯೇ. 1901ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಕೊರೆದಾಗ ತೈಲ ತಾನಾಗಿಯೇ ಆಕಾಶಕ್ಕೆ ಚಿಮ್ಮಿತು. ಇಂದು ಆಳಸಮುದ್ರದ ತಳವನ್ನು ಕೊರೆಯುತ್ತಾರೆ, ಬಂಡೆಯೊಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಅದನ್ನು ಒಡೆಯುತ್ತಾರೆ. ಕಿಂಗ್ ಹಬರ್ಟ್ ಎಂಬ ಭೂವಿಜ್ಞಾನಿ 1956ರಲ್ಲಿಯೇ, ಅಮೆರಿಕದ ತೈಲ ಉತ್ಪಾದನೆ 1970ರ ಹೊತ್ತಿಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. 1970ರಲ್ಲಿ ಹಾಗೆಯೇ ಆಯಿತು. ಮುಂದೆ ಬಂಡೆ ಒಡೆಯುವ ತಂತ್ರ ಬಂದು ಅಲ್ಲಿನ ಉತ್ಪಾದನೆ ಆ ಶಿಖರವನ್ನೂ ದಾಟಿತು, ಅದನ್ನು ಹಬರ್ಟ್ ಊಹಿಸಿರಲಿಲ್ಲ. ಹಾಗಾಗಿ ಇಂಥ ವರ್ಷಕ್ಕೆ ಇಂಥದ್ದು ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. 2008ರ ಜುಲೈನಲ್ಲಿ ಅದರ ದರ ಒಂದು ಬ್ಯಾರೆಲ್‌ಗೆ, ಅಂದರೆ 159 ಲೀಟರ್‌ಗೆ, 147 ಡಾಲರ್ ತನಕ ಏರಿತ್ತು. ಎಲ್ಲಿಯೋ ಯುದ್ಧವಾದರೆ ನಮ್ಮ ಜಿಲ್ಲೆಯ ಇಂಡಿ ಊರಿನ ಸಂತೆಯಲ್ಲಿ ಈರುಳ್ಳಿಯ ಸಾಗಣೆ ದರ ಏರುತ್ತದೆ. ಇದನ್ನು ಯಾರೂ ನಮಗೆ ಹೊಸದಾಗಿ ಹೇಳಬೇಕಿಲ್ಲ.

[ದೃಶ್ಯ: ಗಾಜಿನ ಬಾಟಲಿ ಹತ್ತಿರದಿಂದ. ಹೊಂಬಣ್ಣದ ಎಣ್ಣೆ.]

ಈಗ ಎರಡನೆಯ ಎಣ್ಣೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಆಗ ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್ ಮತ್ತು ರಷ್ಯಾದಿಂದ ಬರುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಪಾಮ್ ಎಣ್ಣೆಯ ರಫ್ತನ್ನೇ ನಿಲ್ಲಿಸಿತು, ಮೂರು ವಾರಗಳಾದ ಮೇಲೆ ಮತ್ತೆ ತೆರೆಯಿತು. ಆ ದಿನಗಳಲ್ಲಿ ನನ್ನ ಅವ್ವ ಕಿರಾಣಿ ಅಂಗಡಿಯಿಂದ ಬಂದು ಚೀಲ ಕೆಳಗಿಟ್ಟು, “ನಮ್ಮ ಹೊಲದಲ್ಲಿ ಕುಸುಬೆ ಇದ್ದಾಗ ನಾವು ಎಂದಾದರೂ ಎಣ್ಣೆಯ ದರ ಕೇಳಿದ್ದೆವೆಯೇ?” ಎಂದಳು. ನಾನು ಈ ವಿಷಯದ ಹಿಂದೆ ಬಿದ್ದದ್ದು ಆ ಮಾತಿನಿಂದ.

‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಮಾತು ನಮ್ಮಲ್ಲಿದೆ. ಡೋಣಿ ಹೊಳೆಯ ದಂಡೆಯ ಕಪ್ಪು ಮಣ್ಣು ಮಳೆಗಾಲದ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿಯ ಬಿಳಿಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದರೆ ಆ ಹಸಿಯ ಮೇಲೆಯೇ, ಚಳಿಯ ಇಬ್ಬನಿಯಲ್ಲಿ ಬೆಳೆದು ನಿಲ್ಲುತ್ತದೆ. ಪಂಪು ಬೇಡ, ಕಾಲುವೆ ಬೇಡ. ಜೋಳದ ಸಾಲುಗಳ ನಡುವೆ ಅಕ್ಕಡಿಯಾಗಿ ಕುಸುಬೆ, ಕಡಲೆ. ಹೊಲದ ಸುತ್ತಲೂ ಒಂದೆರಡು ಸಾಲು ಕುಸುಬೆ ಹಾಕಿದರೆ ಅದರ ಮುಳ್ಳಿಗೆ ಅಂಜಿ ದನ ಒಳಗೆ ನುಗ್ಗುವುದಿಲ್ಲ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಅದರ ತಾಯಿಬೇರು ಎರೆಮಣ್ಣಿನಲ್ಲಿ ಆಳಕ್ಕೆ ಇಳಿಯುತ್ತದೆ. ಜೋಳ ಬಾಡುವ ವರ್ಷದಲ್ಲೂ ಕುಸುಬೆ ಕೈ ಬಿಡುವುದಿಲ್ಲ.

[ದೃಶ್ಯ: ಒಣಗಿ ನಿಂತ ಕುಸುಬೆ ಗಿಡ. ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ಕೀಳುತ್ತಿರುವ ಹೆಂಗಸರು.]

ಇಷ್ಟು ಒಳ್ಳೆಯ ಬೆಳೆಯನ್ನು ಬಿಟ್ಟದ್ದೇಕೆ? ಈ ಕೈಗಳನ್ನು ನೋಡಿ. ಒಣಗಿದ ಕುಸುಬೆಯ ಮುಳ್ಳು ಸೂಜಿಯಂತೆ. ಹೊತ್ತು ಏರಿದ ಮೇಲೆ ಕೈ ಹಾಕಲು ಸಾಧ್ಯವಿಲ್ಲ. ಹಾಗಾಗಿ ಇಬ್ಬನಿ ಬಿದ್ದು ಮುಳ್ಳು ಮೆತ್ತಗಾಗಿರುವ ಬೆಳಗಿನ ಜಾವದಲ್ಲಿ, ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕೀಳಬೇಕು. ಈ ನೋವನ್ನು ಬಹಳ ಕಾಲ ತಿಂದವರು ಕೂಲಿಯ ಹೆಂಗಸರು. ಹಳೆಯದೆಲ್ಲ ಚಿನ್ನ ಎಂದು ಹಾಡುವವರು ಅವರ ಅಂಗೈಯನ್ನು ಒಮ್ಮೆ ನೋಡಬೇಕು.

ಇನ್ನೊಂದು ಕಾರಣ ದೆಹಲಿಯಲ್ಲಿದೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. 1990ರ ದಶಕದ ಆರಂಭಕ್ಕೆ ದೇಶ ತನ್ನ ಅಡುಗೆ ಎಣ್ಣೆಯನ್ನು ಹೆಚ್ಚುಕಡಿಮೆ ತಾನೇ ಬೆಳೆದುಕೊಳ್ಳುತ್ತಿತ್ತು. 1994ರಿಂದ ಪಾಮ್ ಎಣ್ಣೆಗೆ ಬಾಗಿಲು ತೆರೆಯಿತು, ಮುಂದೆ ಸುಂಕವೂ ಇಳಿಯಿತು. ಈಗ ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಿಂದ ಇಳಿದದ್ದು. ಕಚ್ಚಾ ತೈಲಕ್ಕೆ ಕೈಚಾಚುವುದು ಅನಿವಾರ್ಯ, ಅದು ನಮ್ಮ ನೆಲದಲ್ಲಿ ಸಾಕಷ್ಟು ಇಲ್ಲ. ಒಗ್ಗರಣೆಯ ಎಣ್ಣೆಗೂ ಕೈಚಾಚುವ ಸ್ಥಿತಿಯನ್ನು ಮಾತ್ರ ನಾವೇ ತಂದುಕೊಂಡೆವು. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

[ದೃಶ್ಯ: ಗಾಣದ ಮನೆ. ಮರದ ಒರಳಿನಲ್ಲಿ ತಿರುಗುತ್ತಿರುವ ಮರದ ಒನಕೆ. ಎಣ್ಣೆ ಸಣ್ಣಗೆ ಇಳಿಯುತ್ತಿದೆ.]

ಇದು ನಿನ್ನೆ ನಾನು ಹೋಗಿದ್ದ ಗಾಣ. ಕ್ಯಾಮೆರಾದಲ್ಲಿ ವಾಸನೆ ತೋರಿಸಲಾಗುವುದಿಲ್ಲ ಎಂಬುದೊಂದೇ ನನ್ನ ದುಃಖ. ಕುಸುಬೆ ಬೀಜದಲ್ಲಿ ಎಣ್ಣೆಯ ಅಂಶ ಸುಮಾರು ಶೇ 30. ಗಾಣದಲ್ಲಿ ಅಷ್ಟೂ ಬರುವುದಿಲ್ಲ, ನಾಲ್ಕು ಕೆ.ಜಿ. ಬೀಜಕ್ಕೆ ಹೆಚ್ಚುಕಡಿಮೆ ಒಂದು ಲೀಟರ್. “ಕಾಕಾ, ಹಿಂಡಿಯಲ್ಲಿ ಎಣ್ಣೆ ಉಳಿದುಬಿಡುತ್ತದಲ್ಲ, ನಷ್ಟವಲ್ಲವೇ?” ಎಂದು ಗಾಣ ನಡೆಸುವವರನ್ನು ಕೇಳಿದೆ. “ನಷ್ಟ ಹೇಗಾಗುತ್ತದೆ ತಮ್ಮಾ, ಅದನ್ನು ಎಮ್ಮೆ ತಿನ್ನುತ್ತದೆ, ನೀನು ಬೆಣ್ಣೆ ತಿನ್ನುತ್ತೀಯ” ಎಂದರು.

ಮನೆಯ ಲೆಕ್ಕ ಹಾಕೋಣ. ನಮ್ಮ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬೇಕು, ವರ್ಷಕ್ಕೆ 48 ಲೀಟರ್. ಅದಕ್ಕೆ ಎರಡು ಕ್ವಿಂಟಲ್‌ನಷ್ಟು ಬೀಜ ಬೇಕು. ಮಳೆಯಾಶ್ರಯದಲ್ಲಿ ಎಕರೆಗೆ ಮೂರು ಕ್ವಿಂಟಲ್ ಬಂದರೂ, ಒಂದು ಎಕರೆಗಿಂತ ಕಡಿಮೆ ನೆಲದಲ್ಲಿ ಒಂದು ಮನೆಯ ವರ್ಷದ ಎಣ್ಣೆ ಬೆಳೆಯುತ್ತದೆ. ಮುಳ್ಳಿಗೂ ಉತ್ತರವಿದೆ: ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನು ರೂಪಿಸಿದೆ. ಬೇಲಿಗೆ ಮುಳ್ಳಿನದು, ಒಳಗಿನ ಸಾಲಿಗೆ ಮುಳ್ಳಿಲ್ಲದ್ದು ಎಂದು ಹಂಚಿಕೊಳ್ಳಬಹುದು.

ಗಾಣದ ಎಣ್ಣೆಗೆ ಪಾಮ್ ಎಣ್ಣೆಯ ಎರಡು ಪಟ್ಟಿಗೂ ಹೆಚ್ಚು ದರ, ನಿಜ. ಕೊಂಡು ತಿನ್ನುವ ಬಡ ಮನೆಗೆ ಇದು ಇಂದು ಎಟುಕುವುದಿಲ್ಲ. ಅದಕ್ಕೇ ಇದನ್ನು ಪೇಟೆಯ ಆರೋಗ್ಯದ ಅಂಗಡಿಯ ಸರಕಾಗಿ ನೋಡದೆ ಊರಿನ ಏರ್ಪಾಡಾಗಿ ನೋಡಬೇಕು ಎನ್ನುತ್ತೇನೆ. ಬೀಜ ರೈತರದು, ಗಾಣ ಸಹಕಾರ ಸಂಘದ್ದು, ಅರೆದ ಕೂಲಿಗೆ ಹಣ ಇಲ್ಲವೇ ಹಿಂಡಿ. ಊರಿನ ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಗೆ ಅದೇ ಎಣ್ಣೆ ಹೋಗುವಂತಾದರೆ ಗಾಣ ವರ್ಷವಿಡೀ ನಡೆಯುತ್ತದೆ.

ಇಂಗ್ಲೆಂಡಿನ ಟಾಟ್ನೆಸ್ ಎಂಬ ಸಣ್ಣ ಪಟ್ಟಣದವರು 2006ರಲ್ಲಿ ರಾಬ್ ಹಾಪ್ಕಿನ್ಸ್ ಮುಂದಾಳತ್ವದಲ್ಲಿ, ಅಗ್ಗದ ತೈಲವಿಲ್ಲದ ದಿನಕ್ಕೆ ಊರನ್ನು ಸಜ್ಜು ಮಾಡಲು ಹೊರಟರು. ತಮ್ಮದೇ ಸ್ಥಳೀಯ ನೋಟುಗಳನ್ನೂ ಅಚ್ಚು ಹಾಕಿಸಿದರು. ಜನ ಕಾರ್ಡಿನಲ್ಲಿ ಹಣ ಕೊಡತೊಡಗಿದ ಮೇಲೆ, 2019ರಲ್ಲಿ ಆ ನೋಟು ನಿಂತಿತು. ನಮಗೆ ಹೊಸ ನೋಟು ಬೇಕಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂಥ ಸಂಘಗಳು ಇಂದು ನಮ್ಮ ಊರೂರಿನಲ್ಲಿವೆ, ಕಟ್ಟಡವೂ ಇದೆ, ಗೋದಾಮೂ ಇದೆ. ಅವು ಸಾಲ, ಗೊಬ್ಬರಕ್ಕಷ್ಟೇ ನಿಂತಿರಬೇಕೇಕೆ? ಬೇಕಾದ ಯಂತ್ರ ಮಾಡಿಕೊಡಲು ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳು ಹತ್ತಿರದಲ್ಲಿಯೇ ಇವೆ.

ಇಲ್ಲೊಂದು ಎಚ್ಚರ ಬೇಕು. ಹಿಂದೆ ಊರು ತನ್ನ ಕಾಲ ಮೇಲೆ ತಾನು ನಿಂತಿತ್ತು ಎನ್ನುತ್ತೇವೆ. ಬಡಿಗೇರ, ಕಂಬಾರ, ಸಮಗಾರ ಎಲ್ಲರಿಗೂ ಸುಗ್ಗಿಯಲ್ಲಿ ಆಯ, ಅಂದರೆ ಕಾಳಿನ ಪಾಲು, ಸಿಗುತ್ತಿತ್ತು, ಹೌದು. ಆದರೆ ಯಾರು ಯಾವ ಕೆಲಸ ಮಾಡಬೇಕು, ಯಾರು ಕಣದ ಅಂಚಿನಲ್ಲಿ ನಿಂತು ಕೈಯೊಡ್ಡಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಆ ಊರು ಮರಳಿ ಬರುವುದು ನನಗೆ ಬೇಡ. ಸಂಘದ ಹಾಜರಿ ಪುಸ್ತಕದಲ್ಲಿ ಎಲ್ಲ ಓಣಿಗಳ ಹೆಸರೂ ಇರಬೇಕು, ಮುಳ್ಳು ಕಿತ್ತ ಹೆಂಗಸರಿಗೆ ಎಣ್ಣೆಯಲ್ಲಿ ಪಾಲು ಇರಬೇಕು.

[ದೃಶ್ಯ: ರಸ್ತೆಯಲ್ಲಿ ಸಾಲುಗಟ್ಟಿದ ಕಬ್ಬಿನ ಟ್ರ್ಯಾಕ್ಟರುಗಳು.]

ಬಾಗಲಕೋಟೆ, ಬೆಳಗಾವಿಯ ಗೆಳೆಯರು, ಕಬ್ಬಿನಿಂದ ತೆಗೆಯುವ ಇಂಧನ ಇಥೆನಾಲ್ ಇದೆಯಲ್ಲ ಎಂದು ಕೇಳುತ್ತಾರೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ 20 ಇಥೆನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬಿನ ರೈತನಿಗೆ ನಾಲ್ಕು ಕಾಸು ಸಿಕ್ಕರೆ ನನಗೂ ಸಂತೋಷ. ಆದರೆ ವರ್ಷವಿಡೀ ಕೃಷ್ಣೆಯ, ಘಟಪ್ರಭೆಯ ನೀರು ಕುಡಿಸಿ, ಯೂರಿಯಾ ಹಾಕಿ, ಡೀಸೆಲ್ ಸುಟ್ಟು ಕಾರ್ಖಾನೆಗೆ ಸಾಗಿಸಿದ ಬೆಳೆಯನ್ನು ವಾಹನದ ಟಾಕಿಗೆ ಸುರಿಯುವುದನ್ನು ಸ್ವಾವಲಂಬನೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನೀರಿಲ್ಲದೆ ಬೆಳೆಯುವ ಕುಸುಬೆಗೆ ಅಷ್ಟೇ ಕಾಳಜಿ ತೋರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ.

[ದೃಶ್ಯ: ಮತ್ತೆ ಗಾಣದ ಮನೆ. ಬಲ್ಬು ಆರಿದೆ. ಒನಕೆ ನಿಂತಿದೆ.]

ನಿನ್ನೆ ನಾವು ಚಿತ್ರೀಕರಿಸುತ್ತಿರುವಾಗಲೇ ತ್ರೀ ಫೇಸ್ ಕರೆಂಟ್ ಹೋಯಿತು. ಈ ಗಾಣವೂ ಮೋಟಾರಿನ ಮೇಲೆ ನಡೆಯುವುದು. ಇದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಇದೆ, ಅದಕ್ಕೆ ಕಲ್ಲಿದ್ದಲು ರೈಲಿನಲ್ಲಿ ಹೊರಗಿನಿಂದ ಬರುತ್ತದೆ. ಕಾಕಾ ಹೊರಗೆ ಬಂದು ತಗಡಿನ ಚಾವಣಿಯನ್ನು ತೋರಿಸಿ, “ಈ ತಗಡಿನ ಮೇಲೆ ಸೋಲಾರ್ ಹಾಕಿಸಬೇಕೆಂದಿದ್ದೇನೆ, ಸಂಘದವರು ಅರ್ಜಿ ಬರೆದುಕೊಡಲು ಹೇಳಿದ್ದಾರೆ, ನೀನು ಬರೆದುಕೊಡುತ್ತೀಯಾ?” ಎಂದು ಕೇಳಿದರು. ಸೋಮವಾರ ಕಾಗದ, ಪೆನ್ನು ತೆಗೆದುಕೊಂಡು ಹೋಗುತ್ತಿದ್ದೇನೆ. ಅರ್ಜಿಗೆ ಏನು ಉತ್ತರ ಬಂತು, ಫಲಕಕ್ಕೆ ಎಷ್ಟು ಖರ್ಚಾಯಿತು, ಗಾಣ ಎಷ್ಟು ಹೊತ್ತು ನಡೆಯಿತು ಎಂಬ ಲೆಕ್ಕವನ್ನು ಮುಂದಿನ ವಿಡಿಯೋದಲ್ಲಿ ನಿಮ್ಮ ಮುಂದಿಡುತ್ತೇನೆ. ನಿಮ್ಮ ಊರಿನಲ್ಲಿ ಗಾಣ ಇದ್ದರೆ, ಅದು ಯಾವುದರ ಮೇಲೆ ನಡೆಯುತ್ತದೆ ಎಂದು ನೋಡಿಬಂದು ತಿಳಿಸಿ.